ಹಾರ್ನ್ ಸಮೇತ ಒಂದು ಹಾಡು

ಬೀದಿಯಲ್ಲಿ ಹಾಡುವವರ ಮುಂದೆ ಹತ್ತು ಮೊಬೈಲ್ ಎದ್ದರೂ ಈಗ ಯಾರೂ ತಿರುಗಿ ನೋಡುವುದಿಲ್ಲ. ಹಳೇ ಕ್ಯಾಸೆಟ್ ರೆಕಾರ್ಡರ್ ಹೆಗಲಿಗೆ ನೇತುಹಾಕಿಕೊಂಡು ನಿಂತು ನೋಡಿ, ಹಾಡುವವರ ಕಣ್ಣೂ ಇತ್ತ ಬರುತ್ತದೆ. ಪಕ್ಕದಲ್ಲಿದ್ದವರು "ಇದಿನ್ನೂ ಓಡುತ್ತಾ?" ಅಂತ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯೂ ಟೇಪಿಗೆ ಸೇರುತ್ತದೆ ಅನ್ನಿ.

ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ಹೊರತಂದಾಗ ಅದರ ಲೆಕ್ಕಾಚಾರದಲ್ಲಿ ಇದ್ದದ್ದು ಹಾಡಿಗಿಂತ ಹೆಚ್ಚಾಗಿ ಮಾತು. ನಾಲ್ಕು ಮಿಲಿಮೀಟರೂ ಅಗಲವಿಲ್ಲದ ರೀಲು, ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ಕಡಿಮೆ ಓಟ. ಅಷ್ಟರಲ್ಲಿ ಸಂಗೀತ ಹಿಡಿಯಲು ಹೋದರೆ ಹಿಂದೆ 'ಸುಯ್' ಅನ್ನುವ ಸದ್ದು ಬಾರದೆ ಇರುತ್ತದಾ?

ನನಗೆ ಜಾಸ್ತಿ ಮಜಾ ಅನ್ನಿಸುವುದು ಸಾಧಾರಣ ರೆಕಾರ್ಡರುಗಳಲ್ಲಿರುವ ಆಟೋಮ್ಯಾಟಿಕ್ ಲೆವೆಲ್. ಸದ್ದು ಹೆಚ್ಚಾದರೆ ತಾನೇ ತಗ್ಗಿಸುತ್ತದೆ, ಕಡಿಮೆಯಾದರೆ ತಾನೇ ಏರಿಸುತ್ತದೆ. ಪಿಟೀಲಿನವನು ಮೆಲ್ಲಗೆ ಒಂದು ಸ್ವರ ಎಳೆಯುತ್ತಿದ್ದಾನೆ. ಪಕ್ಕದಲ್ಲೇ ಬಸ್ಸು ಹಾರ್ನ್ ಹೊಡೆಯಿತು. ಆಮೇಲೆ ಟೇಪು ಹಾಕಿ ಕೇಳಿದರೆ, ಹಾರ್ನ್ ಬಂದ ಕೂಡಲೇ ಪಿಟೀಲು ತಳಕ್ಕೆ ಇಳಿದಿರುತ್ತದೆ. ಹಾರ್ನ್ ನಿಂತ ಮೇಲೂ ಕೂಡಲೇ ಬರುವುದಿಲ್ಲ. ನೆಂಟರು ಹೋದರಾ ಅಂತ ಬಾಗಿಲ ಸಂದಿಯಿಂದ ಇಣುಕುವ ಮಗುವಿನ ಹಾಗೆ ಮೆಲ್ಲಮೆಲ್ಲಗೆ ಹೊರಗೆ ಬರುತ್ತದೆ. ಹಾಡು ಮುಗಿದು ಎಲ್ಲರೂ ಸುಮ್ಮನಾದರೆ ಇನ್ನೂ ಚಂದ. ಇದಕ್ಕೆ ಸುಮ್ಮನಿರಲು ಬರುವುದಿಲ್ಲ. ಚಪ್ಪಲಿ ಎಳೆಯುವ ಸದ್ದು, ಯಾರದೋ ಕೆಮ್ಮು, ಡಬ್ಬಕ್ಕೆ ಬಿದ್ದ ಚಿಲ್ಲರೆ, ಎಲ್ಲವನ್ನೂ ಕಿವಿಯ ಹತ್ತಿರಕ್ಕೆ ಎಳೆದು ತರುತ್ತದೆ.

ಸೋನಿಯ ಟಿಸಿ-ಡಿ5ಎಂ ತರಹದ ಒಳ್ಳೆಯ ಮಷೀನಿನಲ್ಲಿ ಲೆವೆಲ್ಲನ್ನು ಕೈಯಲ್ಲೇ ತಿರುಗಿಸಿ ಇಡಬಹುದು. ಸದ್ದು ಖಂಡಿತ ಚೆನ್ನಾಗಿ ಬರುತ್ತದೆ. ಆದರೆ ಅದನ್ನು ಹಿಡಿದವರು ಮೀಟರಿನ ಮುಳ್ಳು ಕೆಂಪಿಗೆ ಹೋಗದಂತೆ ಕಾಯುವುದರಲ್ಲೇ ಇರುತ್ತಾರೆ. ಹಾಡು ಕೇಳುವುದು ಮನೆಗೆ ಹೋದ ಮೇಲೆ.

ಮೊಬೈಲಿನದು ಬೇರೆಯೇ ಬುದ್ಧಿ. ಎಷ್ಟೋ ಫೋನುಗಳು ಸುತ್ತಲಿನ ಸದ್ದನ್ನು ಗಲಾಟೆ ಅಂತ ತೀರ್ಮಾನಿಸಿ ಒರೆಸಿಹಾಕುತ್ತವೆ. ಬೀದಿ ಸಂಗೀತದಿಂದ ಬೀದಿಯನ್ನೇ ತೆಗೆದರೆ ಎಷ್ಟೋ ಸಲ ಉಳಿಯುವುದು ಒಂದು ಸಾಧಾರಣ ಪಿಟೀಲು, ಅಷ್ಟೇ. ಪಿಟೀಲಿನವನ ಮುಂದೆ ಮಾತ್ರ ಇದನ್ನು ಹೇಳಬೇಡಿ.

ಮೊದಲೇ ಅವನನ್ನು ಕೇಳಿಯೇ ಗುಂಡಿ ಒತ್ತಬೇಕು, ಡಬ್ಬಕ್ಕೂ ಏನಾದರೂ ಹಾಕಬೇಕು. ಒತ್ತುವ ಮುಂಚೆ ರೀಲನ್ನು ಚೂರು ಮುಂದಕ್ಕೆ ಸುತ್ತಿಕೊಳ್ಳಿ. ತುದಿಯಲ್ಲಿರುವುದು ಬರೀ ಪ್ಲಾಸ್ಟಿಕ್ ಪಟ್ಟಿ, ಅದರಲ್ಲಿ ಏನೂ ದಾಖಲಾಗುವುದಿಲ್ಲ. ಪಲ್ಲವಿಯ ಮೊದಲ ಸಾಲು ಹೋಗುವುದು ಅಲ್ಲೇ. ಅರವತ್ತು ನಿಮಿಷದ ಕ್ಯಾಸೆಟ್ಟಾದರೆ ಒಂದು ಕಡೆಗೆ 30 ನಿಮಿಷ. ಹಾಡುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲವಲ್ಲ, ಅವರು ರಂಗೇರುವ ಹೊತ್ತಿಗೆ ಗುಂಡಿ 'ಟಕ್' ಅಂತ ಮೇಲೇಳುತ್ತದೆ.

ಎಲ್ಲ ಮುಗಿದ ಮೇಲೆ ಅವರು ಕೇಳುವುದು ಒಂದೇ, "ನನಗೂ ಒಂದು ಕಾಪಿ ಕಳಿಸ್ತೀರಾ?" ಕ್ಯಾಸೆಟ್ ಕೊಟ್ಟರೆ ಹಾಕಿ ಕೇಳಲು ಅವರ ಹತ್ತಿರ ಪ್ಲೇಯರ್ ಇರಬೇಕಲ್ಲ. ಹಾಗಾಗಿ ಟೇಪು ಓಡಿಸಿ, ಎದುರಿಗೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿ ಕಳಿಸುವುದೇ ದಾರಿ. ಬಸ್ಸಿನ ಹಾರ್ನನ್ನು ಅದು ಅಲ್ಲಿಯೂ ಒರೆಸದೆ ಬಿಟ್ಟರೆ ಪುಣ್ಯ.