ಪಂದ್ಯ ಮುಗಿದ ಮೇಲೆ ಉರಿಯುವ ಒಲೆ

ಟೆಕ್ಸಸ್‌ನ ಡಲ್ಲಾಸ್ ನಗರದ ಅಮೆರಿಕನ್ ಏರ್‌ಲೈನ್ಸ್ ಸೆಂಟರ್ ಕ್ರೀಡಾಂಗಣದಲ್ಲಿ ಮ್ಯಾವರಿಕ್ಸ್ ತಂಡದ ಬ್ಯಾಸ್ಕೆಟ್‌ಬಾಲ್ ಪಂದ್ಯ ಮುಗಿಯುವಾಗ ರಾತ್ರಿ ಹತ್ತು ಸಮೀಪಿಸಿರುತ್ತದೆ. ಕೂಗಿ ಗಂಟಲು ಕಟ್ಟಿಸಿಕೊಂಡ, ಹಸಿದ ಸಾವಿರಾರು ಜನರ ಜೊತೆ ನಾವು ನಾಲ್ವರು ಕನ್ನಡಿಗರೂ ಹೊರಬಂದು, ವಾಹನಗಳ ಸಾಲು ಕರಗುವವರೆಗೆ ಹತ್ತಿರದ ಟೆಕ್ಸ್-ಮೆಕ್ಸ್ (ಟೆಕ್ಸಸ್ ಶೈಲಿಯ ಮೆಕ್ಸಿಕನ್ ಅಡುಗೆ) ಹೋಟೆಲಿನಲ್ಲಿ ಕೂರುವುದು ರೂಢಿಯಾಗಿಬಿಟ್ಟಿದೆ. "ಇದು ಅಸಲಿ ಮೆಕ್ಸಿಕನ್ ಅಡುಗೆ ಅಲ್ಲ ಕಣ್ರೀ" ಎಂದು ಪ್ರತಿ ಸಲವೂ ನಮ್ಮಲ್ಲೊಬ್ಬರು ಮೂಗು ಮುರಿಯುತ್ತಾರೆ. ಬಾಯಿ ತುಂಬ ಚಿಪ್ಸ್ ಇರುವುದರಿಂದ ಅಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಸಲಿ ಮೆಕ್ಸಿಕನ್ ಅಲ್ಲ, ನಿಜ. ಇದು ಅಸಲಿ ಟೆಕ್ಸಸ್ ಅಡುಗೆ. 1836ರವರೆಗೆ ಮೆಕ್ಸಿಕೋದ ಭಾಗವಾಗಿದ್ದ ಈ ನಾಡಿನಲ್ಲಿ ಗಡಿ ಸರಿದರೂ ಒಲೆಗಳು ಇದ್ದಲ್ಲೇ ಇದ್ದವು. ಅವುಗಳ ಮೇಲೆ ಗೋಧಿಯ ಟೊರ್ಟಿಯಾ ಎಂಬ ಚಪಾತಿಯಂಥ ರೊಟ್ಟಿ, ದನದ ಮಾಂಸ, ಹಳದಿ ಚೀಸ್, ಧಾರಾಳವಾದ ಜೀರಿಗೆ ಎಲ್ಲವೂ ಬಂದು ಕೂಡಿಕೊಂಡವು. ನಮ್ಮ ನಾಲಿಗೆಗೆ ಈ ಊಟ ಬೇಗ ಒಗ್ಗುವುದಕ್ಕೆ ಆ ಜೀರಿಗೆಯೇ ಕಾರಣವೆಂದು ನನ್ನ ಗುಮಾನಿ.

ನಾಚೋಸ್ ಕಥೆಯನ್ನೇ ನೋಡಿ. 1940ರ ದಶಕದಲ್ಲಿ ಟೆಕ್ಸಸ್ ಗಡಿಗೆ ಅಂಟಿಕೊಂಡಿರುವ ಮೆಕ್ಸಿಕೋದ ಪಿಯೆದ್ರಾಸ್ ನೆಗ್ರಾಸ್ ಊರಿನ ಹೋಟೆಲೊಂದಕ್ಕೆ ಗಡಿಯಾಚೆಯಿಂದ ಕೆಲವು ಅಮೆರಿಕನ್ ಮಹಿಳೆಯರು ತಿನ್ನಲು ಬಂದಾಗ, ಅಡುಗೆಯವರು ಸಿಗದೆ, ಅಲ್ಲಿನ ಉಸ್ತುವಾರಿ ಇಗ್ನಾಸಿಯೊ ಅನಾಯಾ ಎಂಬುವವರು ತಾವೇ ಒಳಗೆ ಹೋಗಿ ಕರಿದ ಟೊರ್ಟಿಯಾ ತುಂಡುಗಳ ಮೇಲೆ ಚೀಸ್ ಕರಗಿಸಿ, ಹಲಪೇನ್ಯೊ ಮೆಣಸಿನಕಾಯಿಯ ಹೋಳಿಟ್ಟು ಕೊಟ್ಟರಂತೆ. ಇಗ್ನಾಸಿಯೊ ಹೆಸರಿನವರನ್ನು ಮುದ್ದಿನಿಂದ ಕರೆಯುವುದು 'ನಾಚೋ' ಎಂದು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಹಸಿವಿಗಾಗಿಯೇ ಹುಟ್ಟಿದ ತಿಂಡಿಯನ್ನು ನಡುರಾತ್ರಿ ತಿನ್ನುವಾಗ ಅಸಲಿತನದ ಪರೀಕ್ಷೆ ಯಾಕೆ? ಕ್ರೀಡಾಂಗಣದೊಳಗೆ ಕಾಗದದ ತಟ್ಟೆಯಲ್ಲಿ ಸಿಗುವ, ಪಂಪಿನಿಂದ ಹಳದಿ ಸಾಸ್ ಸುರಿದ ನಾಚೋಸ್ ಬೇರೆಯೇ ತಳಿ; ಫ್ರಾಂಕ್ ಲಿಬರ್ಟೊ ಎಂಬ ವ್ಯಾಪಾರಿ ಅದನ್ನು 1976ರಲ್ಲಿ ಇಲ್ಲೇ ಪಕ್ಕದ ಆರ್ಲಿಂಗ್ಟನ್ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಮಾರಲು ತೊಡಗಿದರು. ಅದನ್ನು ನಾನು ಸಮರ್ಥಿಸಲಾರೆ.

ಬಾರಿನ ಕಡೆ ಗಿರಗಿರ ತಿರುಗುವ, ಮಾರ್ಗರಿಟಾ ಎಂಬ ಟಕೀಲಾ-ನಿಂಬೆಯ ಮದ್ಯವನ್ನು ತಣ್ಣಗೆ ಹೆಪ್ಪುಗಟ್ಟಿಸುವ ಯಂತ್ರವೂ ಡಲ್ಲಾಸ್‌ನ ಕೂಸೇ. ಮಿಕ್ಸಿಯಲ್ಲಿ ಒಂದೊಂದೇ ಲೋಟ ಮಾಡುತ್ತ ಬಾರಿನವರು ಸೋತುಹೋದಾಗ, ಹೋಟೆಲ್ ಮಾಲೀಕ ಮಾರಿಯಾನೊ ಮಾರ್ಟಿನೆಜ್ 1971ರಲ್ಲಿ ಐಸ್‌ಕ್ರೀಮ್ ಯಂತ್ರವೊಂದನ್ನು ಈ ಕೆಲಸಕ್ಕೆ ಹೊಂದಿಸಿದರು. ಅದೀಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಪಂದ್ಯದ ರಾತ್ರಿ ಅರ್ಧ ಗಂಟೆಯಲ್ಲಿ ಹೋಟೆಲ್ ತುಂಬುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು.

ಸಸ್ಯಾಹಾರಿಗಳಿಗೆ ಒಂದು ಮಾತು: ಅರೆದ ಬೀನ್ಸ್‌ನಲ್ಲಿ ಹಂದಿಯ ಕೊಬ್ಬು, ಕೆಂಪನೆಯ ಅನ್ನದಲ್ಲಿ ಕೋಳಿಯ ಸಾರು, ಚೀಸ್ ಎಂಚಿಲಾಡಾದ (ಚೀಸ್ ತುಂಬಿ ಸುತ್ತಿದ ಟೊರ್ಟಿಯಾ) ಮೇಲಿನ ಗ್ರೇವಿಯಲ್ಲಿ ದನದ ಮಾಂಸ ಇರುವುದುಂಟು. ಕೇಳಿಯೇ ತರಿಸಿಕೊಳ್ಳಿ, ಪರಿಚಾರಕರು ಬೇಸರಿಸುವುದಿಲ್ಲ.

ನನ್ನ ನಿಜವಾದ ತಕರಾರು ಬೇರೆಯೇ ಇದೆ. ಪರವಾನಗಿಯಿದ್ದರೆ ಟೆಕ್ಸಸ್‌ನಲ್ಲಿ ರಾತ್ರಿ ಎರಡರವರೆಗೂ ಮದ್ಯ ಮಾರಬಹುದು. ಆದರೆ ಕಳೆದ ಚಳಿಗಾಲದಲ್ಲಿ ನಾವು ಹೊಕ್ಕ ಹೋಟೆಲೊಂದು ಬಾರನ್ನು ತೆರೆದಿಟ್ಟು, ಹತ್ತಕ್ಕೇ ಅಡುಗೆಮನೆ ಮುಚ್ಚಿ, ತಣ್ಣನೆಯ ಚಿಪ್ಸ್ ಮುಂದಿಟ್ಟು ಪಂದ್ಯದ ದಿನದ ದರ ಕಿತ್ತಿತು. ಅಂದಿನಿಂದ ಟಿಕೆಟ್ ಕೊಂಡ ದಿನವೇ ಹೋಟೆಲಿಗೆ ಫೋನ್ ಮಾಡಿ, ಒಲೆ ಎಷ್ಟು ಹೊತ್ತಿನವರೆಗೆ ಉರಿಯುತ್ತದೆ ಎಂದಷ್ಟೇ ವಿಚಾರಿಸುತ್ತೇನೆ.