ಬೆಟ್ಟಕ್ಕೆ ಹೌಸ್‌ಫುಲ್ ಬೋರ್ಡು

ಊಟಿಗೆ ಗಾಡಿ ತರಲು ಆನ್‌ಲೈನ್‌ನಲ್ಲಿ ತೆಗೆಯುವ ಇ-ಪಾಸ್ ಬಂದಾಗಿನಿಂದ ನನ್ನ ಪರಿಚಯದವರಿಗೆಲ್ಲ ಹೊಸ ಗತ್ತು ಬಂದಿದೆ. ಮೊದಲು "ಊಟಿಗೆ ಹೋಗಿದ್ವಿ" ಅಂದರೆ ಯಾರೂ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಈಗ "ಪಾಸ್ ಸಿಕ್ತು ಕಣ್ರೀ" ಅನ್ನುತ್ತಾರೆ. ಮೊಬೈಲ್ ತೆಗೆದು ಕ್ಯೂಆರ್ ಕೋಡ್ ತೋರಿಸುತ್ತಾರೆ. ಪೇಡ ಹಂಚುವುದೊಂದು ಬಾಕಿ.

ಕಥೆ ನಿಮಗೆ ಗೊತ್ತೇ ಇದೆ. ಮದ್ರಾಸ್ ಹೈಕೋರ್ಟ್ ಹೇಳಿತು, 2024ರ ಮೇ 7ರಿಂದ ಊಟಿ ಇರುವ ನೀಲಗಿರಿ ಜಿಲ್ಲೆಗೂ ಕೊಡೈಕೆನಾಲ್‌ಗೂ ಪಾಸ್ ಬಂತು. ಮರುವರ್ಷದ ಬೇಸಿಗೆಗೆ ಮಿತಿಯೂ ಬಂತು. ನೀಲಗಿರಿಗೆ ವಾರದ ದಿನಗಳಲ್ಲಿ 6,000 ಗಾಡಿ, ವೀಕೆಂಡಿಗೆ 8,000. ಈ ಲೆಕ್ಕ ನನಗೆ ಭಾರೀ ಇಷ್ಟವಾಯಿತು. ಶುಕ್ರವಾರದವರೆಗೆ 6,000 ಗಾಡಿಗೇ ಉಸ್ಸಪ್ಪಾ ಅನ್ನುವ ಬೆಟ್ಟ, ಶನಿವಾರ ಬೆಳಗ್ಗೆ ಎದ್ದರೆ ಇನ್ನೂ 2,000 ಗಾಡಿ ಹೊರಲು ರೆಡಿ. ವೀಕೆಂಡ್ ಹುರುಪು ಐಟಿಯವರಿಗೆ ಮಾತ್ರ ಅಂದುಕೊಂಡಿದ್ದೆ.

ಬೆಟ್ಟದ ಬಲ ನಿಜಕ್ಕೂ ಎಷ್ಟು ಅಂತ ಅಳೆಯುವ ಕೆಲಸ ಐಐಟಿ ಮದ್ರಾಸ್ ಮತ್ತು ಐಐಎಂ ಬೆಂಗಳೂರಿಗೆ ಹೋಯಿತು. ಒಳ್ಳೆಯದೇ. ನಮ್ಮ ಕಡೆ ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಛತ್ರದ ಬಾಗಿಲಿಗೆ ಬಂದು ಒಂದು ಸಲ ಕಣ್ಣಾಡಿಸಿ, "ಇನ್ನೂರು ಜನ ಜಾಸ್ತಿ ಇದಾರೆ, ಸಾರಿಗೆ ನೀರು ಹಾಕ್ರಪ್ಪಾ" ಅಂತಾರೆ. ಊಟಿಯ ಹೋಟೆಲಿನವರು ಮೇ ತಿಂಗಳಲ್ಲಿ ಮಾಡುವುದೂ ಅದನ್ನೇ. ಸಾರು ಕುಡಿದವರಿಗೆ ಗೊತ್ತು.

ಇಷ್ಟೆಲ್ಲ ಪರದಾಟದ ನಡುವೆ ಒಂದು ಸಣ್ಣ ವಿಷಯ. ಸರ್ಕಾರಿ ಬಸ್ಸಿನಲ್ಲಿ, ರೈಲಿನಲ್ಲಿ ಹೋದರೆ ಪಾಸೇ ಬೇಡ. ಮೈಸೂರಿನಲ್ಲಿ ಬಸ್ ಹತ್ತಿ ಕೂತರೆ ಯಾರೂ ಏನೂ ಕೇಳುವುದಿಲ್ಲ. ಇದನ್ನು ಯಾರಿಗಾದರೂ ಹೇಳಿ ನೋಡಿ. "ಬಸ್ಸಾ?" ಅಂತ ಮುಖ ನೋಡುತ್ತಾರೆ, ನಡೆದುಕೊಂಡು ಹೋಗಿ ಅಂದಿರೇನೋ ಅನ್ನುವ ಹಾಗೆ. ಮೂರು ಜನಕ್ಕೆ ಏಳು ಸೀಟಿನ ಗಾಡಿ ಬೇಕು. ಆಮೇಲೆ ಗೂಡಲೂರು ದಾಟಿ ನಡುವಟ್ಟಂ ಏರಿನಲ್ಲಿ ಸಿಕ್ಕಿಹಾಕಿಕೊಂಡು, ಕಿಟಕಿ ಇಳಿಸಿ, "ಥೂ, ಏನ್ರೀ ಟ್ರಾಫಿಕ್ಕು, ಜನಕ್ಕೆ ಬೇರೆ ಕೆಲಸ ಇಲ್ವಾ" ಅಂತ ಬೈಯಬೇಕು.

ಅದಕ್ಕೂ ಮೊದಲು ತಮಿಳುನಾಡು ಗಡಿಯಲ್ಲಿ ಕೆಕ್ಕನಹಳ್ಳ ಚೆಕ್‌ಪೋಸ್ಟ್ ಇದೆಯಲ್ಲ, ಅಲ್ಲಿ ನಮ್ಮವರನ್ನು ನೋಡಬೇಕು. ನೀಲಗಿರಿಗೆ ಪ್ಲಾಸ್ಟಿಕ್ ನೀರಿನ ಬಾಟಲಿ ತರುವ ಹಾಗಿಲ್ಲ. ಒಳ್ಳೆಯ ನಿಯಮ, ನಿಜವಾಗಲೂ ಒಳ್ಳೆಯದು. ಆದರೆ ಡಿಕ್ಕಿಯಲ್ಲಿ ಬೆಡ್‌ಶೀಟಿನ ಕೆಳಗೆ ಬಾಟಲಿ ಅಡಗಿಸುವ ಚಾಕಚಕ್ಯತೆ ಕಂಡರೆ ಚಿನ್ನ ಸಾಗಿಸುವವರೂ ನಾಚಬೇಕು. ಸಿಕ್ಕಿಬಿದ್ದ ಒಬ್ಬ ಅಂಕಲ್ ಬಾಟಲಿ ಕೊಡಲು ಒಪ್ಪಲಿಲ್ಲ. "ದುಡ್ಡು ಕೊಟ್ಟಿದೀನಿ" ಅಂತ ಒಂದು ಲೀಟರ್ ನೀರನ್ನು ಅಲ್ಲೇ ನಿಂತು ಗಟಗಟ ಕುಡಿದು ಮುಗಿಸಿದರು. ಮುಂದೆ ಮುದುಮಲೈ ಕಾಡು. ಅಲ್ಲಿ ಗಾಡಿ ನಿಲ್ಲಿಸಿ ಇಳಿಯುವ ಹಾಗಿಲ್ಲ. ಅಂಕಲ್ ಪಾಡು ಏನಾಯಿತೋ.

ಈ ದಾರಿಯಲ್ಲಿ ಸುಂಕ ವಸೂಲಿ ಸರಿಯಾಗಿ ಗೊತ್ತಿರುವುದು ಬಂಡೀಪುರದ ಆನೆಗೆ ಮಾತ್ರ. ರಸ್ತೆಗೆ ಅಡ್ಡ ನಿಲ್ಲುತ್ತದೆ. ತರಕಾರಿ ಲಾರಿಯ ಟಾರ್ಪಾಲು ಸರಿಸುತ್ತದೆ. ಬೇಕಾದ್ದು ತಿಂದು ದಾರಿ ಬಿಡುತ್ತದೆ. ಓಟಿಪಿ ಇಲ್ಲ, ಸರ್ವರ್ ಡೌನ್ ಇಲ್ಲ. ಅಂಥ ಕಡೆ 2025ರ ಆಗಸ್ಟ್‌ನಲ್ಲಿ ಒಬ್ಬರು ಸೆಲ್ಫಿಗೆ ಹೋದರು. ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ಪ್ಯಾಂಟು ಹೋಯಿತು, ಪುಣ್ಯಕ್ಕೆ ಜೀವ ಉಳಿಯಿತು, ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ವಿಡಿಯೋ ನೀವೂ ನೋಡಿದ್ದೀರಿ, ನಾಲ್ಕು ಗ್ರೂಪಿಗೆ ಕಳಿಸಿಯೂ ಇದ್ದೀರಿ. ಈಗ ಆ ರಸ್ತೆಯಲ್ಲಿ ಕಾರು ನಿಧಾನ ಮಾಡಿ, "ಇಲ್ಲೇ ಅಲ್ವಾ ಅವನು ಬಿದ್ದಿದ್ದು?" ಅಂತ ಮಕ್ಕಳಿಗೆ ತೋರಿಸುವವರಿದ್ದಾರೆ. ಸ್ಥಳಪುರಾಣ ಹುಟ್ಟುವುದು ಹೀಗೆ.

ಮೇಲೆ ಹತ್ತಿದರೆ ಟೀ ತೋಟ. ಅಂದರೆ ಫೋಟೋಗೆ ಹಿನ್ನೆಲೆ. ಬೆನ್ನಿಗೆ ಬಾಡಿಗೆ ಬುಟ್ಟಿ, ತಲೆಗೆ ಬಾಡಿಗೆ ವಸ್ತ್ರ, ಎರಡೆಲೆ ಒಂದು ಕುಡಿ ಕಿತ್ತ ಹಾಗೆ ನಟನೆ. ಹಿಂದಿನ ಸಾಲಿನಲ್ಲಿ ಹೊಟ್ಟೆಪಾಡಿಗೆ ಎಲೆ ಕೀಳುತ್ತಿರುವ ಹೆಂಗಸಿಗೆ, "ಅಕ್ಕಾ, ಸ್ವಲ್ಪ ಪಕ್ಕಕ್ಕೆ ಬನ್ನಿ, ಫ್ರೇಮಿಗೆ ಅಡ್ಡ ಬರ್ತಿದೀರಾ." ತೋಟದಲ್ಲಿ ತೋಟದವಳೇ ಅಡ್ಡ.

ನಗು ಬರುವುದಿಲ್ಲ ಇದಕ್ಕೆ. 2023ರಲ್ಲಿ ಅಲ್ಲಿನ ಸಣ್ಣ ಬೆಳೆಗಾರರು, ಹೆಚ್ಚಿನವರು ಆ ಬೆಟ್ಟದ್ದೇ ಸಮುದಾಯವಾದ ಬಡಗರು, ಕೆಜಿ ಹಸಿರೆಲೆಗೆ 33 ರೂಪಾಯಿ 50 ಪೈಸೆಯಾದರೂ ಕೊಡಿ ಅಂತ ಉಪವಾಸ ಕೂತರು. ಕೈಗೆ ಬರುತ್ತಿದ್ದದ್ದು ಅದರ ಅರ್ಧದ ಆಸುಪಾಸು. ಒಂದು ಕೆಜಿ ಟೀ ಪುಡಿಗೆ ನಾಲ್ಕು ಕೆಜಿಗಿಂತ ಜಾಸ್ತಿ ಎಲೆ ಹೋಗುತ್ತದೆ. ಅವರ ಉಪವಾಸದ ವಿಡಿಯೋ ಯಾವ ಗ್ರೂಪಿಗೂ ಬರಲಿಲ್ಲ. ಎಲೆಗೆ ಬೆಲೆ ಇಲ್ಲ, ಜಾಗಕ್ಕೆ ಬೆಲೆ ಇದೆ. ಮಕ್ಕಳು ಕೊಯಮತ್ತೂರಿಗೆ ಕೆಲಸ ಹುಡುಕಿ ಹೋಗುತ್ತಾರೆ, ತೋಟ ರೆಸಾರ್ಟ್ ಆಗುತ್ತದೆ, ರೆಸಾರ್ಟಿನವರು ಬಾಗಿಲಲ್ಲಿ ಒಂದು ಸಾಲು ಟೀ ಗಿಡ ಶೋಕಿಗೆ ಉಳಿಸಿಕೊಳ್ಳುತ್ತಾರೆ. ಬರುವ ಗಾಡಿ ಎಣಿಸಲು ಕ್ಯಾಮೆರಾ ಇದೆ, ಕೋಡ್ ಇದೆ, ಕೋರ್ಟ್ ಇದೆ. ಏಳುವ ಕಟ್ಟಡ ಎಣಿಸಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಸಾಕಾಗಿಹೋಗಿದೆ ಮಾರಾಯ್ರೆ.

ಬಿಡಿ, ಸಿಟ್ಟು ಮಾಡಿಕೊಂಡು ಕೂತರೆ ಗೇಟ್ ತಪ್ಪುತ್ತದೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್, 2009ರಿಂದಲೂ. ಆದರೂ ದಿನಾ 9 ಗಂಟೆ ದಾಟಿದ ಮೇಲೆ ಯಾರಾದರೂ ಹೋಮ್‌ಮೇಡ್ ಚಾಕೊಲೇಟಿನ ಚೀಲ ಹೊತ್ತ ಗಾಡಿ ತಂದು ನಿಲ್ಲಿಸಿ ಹಾರ್ನ್ ಹೊಡೆಯುತ್ತಾರೆ. "ನಾನ್ಯಾರು ಗೊತ್ತಾ?" ಆಗುತ್ತದೆ. "ಎಮ್ಮೆಲ್ಲೆಗೆ ಫೋನ್ ಮಾಡಿಸ್ಲಾ?" ಆಗುತ್ತದೆ. ಕೊನೆಗೆ ಫೋನ್ ಎತ್ತಿ ಹಿಡಿದು, "ನೋಡ್ತಿರು, ಲೈವ್ ಹೋಗ್ತೀನಿ."

ಗೇಟಿನ ಹುಡುಗ ಸ್ವೆಟರಿನ ತೋಳು ಎಳೆದುಕೊಂಡು ಹೇಳುತ್ತಾನೆ: "ಹೋಗಿ ಸಾರ್. ಇಲ್ಲಿ ನೆಟ್‌ವರ್ಕ್ ಬರಲ್ಲ."