ಅಪ್ರೂವಲ್ ಪೆಂಡಿಂಗ್ ಉಂಟು ಮಾರಾಯ್ರೆ

ಮಂಗಳೂರಿನ ನಮ್ಮ ಕಂಪನಿಗೂ ಆಕ್ಸೆಸ್ ಆಟೊಮೇಷನ್ ಬಂತು, ಅಂದರೆ ಯಾರು ಯಾವ ಸರ್ವರ್ ಒಳಗೆ ಹೋಗಬಹುದು ಎಂಬುದನ್ನು ಸಾಫ್ಟ್‌ವೇರ್ ನೋಡಿಕೊಳ್ಳುವ ವ್ಯವಸ್ಥೆ. ನಿಮ್ಮಲ್ಲಿ ಇನ್ನೂ ಬಂದಿಲ್ಲವಾದರೆ ಮುಂದಿನ ಆಡಿಟ್ ಹೊತ್ತಿಗೆ ಬರುತ್ತದೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮೊದಲೆಲ್ಲ ಒಂದು ಸರ್ವರ್ ಒಳಗೆ ಹೋಗಬೇಕಾದರೆ ಪಕ್ಕದ ಟೇಬಲ್‌ಗೆ ಹೋಗಿ "ಸ್ವಲ್ಪ ಕೊಡಿ ಮಾರಾಯ್ರೆ" ಎಂದರೆ ಸಾಕಿತ್ತು. ಈಗ ಅಂಥ ಅನಾಗರಿಕತೆ ಇಲ್ಲ. ಪೋರ್ಟಲ್‌ನಲ್ಲಿ ರಿಕ್ವೆಸ್ಟ್ ಹಾಕಬೇಕು, ಕಾರಣ ಬರೆಯಬೇಕು, ಟಿಕೆಟ್ ನಂಬರ್ ಕೊಡಬೇಕು, ಮ್ಯಾನೇಜರ್ ಒಪ್ಪಬೇಕು, ಮ್ಯಾನೇಜರಿನ ಮ್ಯಾನೇಜರ್ ಒಪ್ಪಬೇಕು, ಕೊನೆಗೆ ಸಿಸ್ಟಮ್ ಓನರ್ ಒಪ್ಪಬೇಕು. ಈ ಓನರ್ ಕಳೆದ ವರ್ಷವೇ ಕೆಲಸ ಬಿಟ್ಟು ದುಬೈಗೆ ಹೋಗಿದ್ದಾರೆ. ರಿಕ್ವೆಸ್ಟ್ ಈಗಲೂ ಭಯಭಕ್ತಿಯಿಂದ ಅವರ ಹೆಸರಿಗೇ ಹೋಗುತ್ತದೆ. ಹಾಗಾದರೆ ಇದರಲ್ಲಿ ಆಟೊಮೇಟಿಕ್ ಯಾವುದು ಅಂತೀರಾ? ಇದೆ. 24 ಗಂಟೆಯೊಳಗೆ ಯಾರೂ ಒಪ್ಪದಿದ್ದರೆ ರಿಕ್ವೆಸ್ಟ್ ತಾನಾಗಿಯೇ ರದ್ದಾಗುತ್ತದೆ. ಆ ಕೆಲಸ ಮಾತ್ರ ಒಂದು ಸಲವೂ ತಪ್ಪಿದ್ದಿಲ್ಲ.

ಬಿಟ್ಟು ಹೋದವರ ಖಾತೆ ಮುಚ್ಚಬಾರದೇ ಎಂದು ಕೇಳಿದೆ. ಮುಚ್ಚಿದರೆ ಅಪ್ರೂವಲ್ ದಾರಿಯೇ ತುಂಡಾಗುತ್ತದಂತೆ. ಹಾಗಾಗಿ ಅಡ್ಮಿನ್ ಹಕ್ಕಿನ ಸಮೇತ ಅವರ ಖಾತೆ ಇನ್ನೂ ಜೀವಂತ. ಹೊಸದಾಗಿ ಸೇರಿದ ಹುಡುಗಿ ಮಾತ್ರ ಇಷ್ಟು ದಿನವಾದರೂ ಟೆಸ್ಟ್ ಸರ್ವರ್‌ನ ಮುಖ ನೋಡಿಲ್ಲ.

ಇನ್ನು ವಿಂಗಡಣೆಯ ವೈಭವ. ಒಂದೇ ಆಪರೇಷನ್ಸ್ ತಂಡ ಇತ್ತು, ಅದನ್ನು ರೋಲ್‌ಗಳಾಗಿ ಕೊಚ್ಚಿದ್ದಾರೆ. ಒಬ್ಬನಿಗೆ ಲಾಗ್, ಅಂದರೆ ಸರ್ವರ್ ಬರೆದಿಡುವ ದಿನಚರಿ, ಓದುವ ಹಕ್ಕು, ಇನ್ನೊಬ್ಬನಿಗೆ ಸರ್ವರ್ ರೀಸ್ಟಾರ್ಟ್ ಮಾಡುವ ಹಕ್ಕು, ಮತ್ತೊಬ್ಬನಿಗೆ ಡೇಟಾಬೇಸ್ ಇದೆಯೋ ಇಲ್ಲವೋ ಎಂದು ನೋಡುವ ಹಕ್ಕು. ಓದುವವನಿಗೆ ಏನಾಗಿದೆ ಅಂತ ಗೊತ್ತು, ಆದರೆ ಮುಟ್ಟುವ ಹಾಗಿಲ್ಲ. ಮುಟ್ಟುವವನಿಗೆ ಏನಾಗಿದೆ ಅಂತಲೇ ಗೊತ್ತಿಲ್ಲ. ಜುಲೈ ಮಳೆಯ ರಾತ್ರಿ ಎರಡು ಗಂಟೆಗೆ ಒಬ್ಬ ಸುರತ್ಕಲ್‌ನಿಂದ, ಒಬ್ಬ ತೊಕ್ಕೊಟ್ಟಿನಿಂದ ಫೋನಿನಲ್ಲಿ "ಎಂತ ಕಾಣ್ತದೆ?" "ಎಂತದೋ ಕೆಂಪು ಕಾಣ್ತದೆ" ಎಂದು ಮಾತಾಡಿಕೊಳ್ಳುವುದನ್ನು ಕೇಳಬೇಕು ನೀವು.

ತತ್ವದಲ್ಲಿ ತಪ್ಪಿಲ್ಲ, ಅದನ್ನು ಒಪ್ಪುತ್ತೇನೆ. ಕೆಲಸಕ್ಕೆ ಬೇಕಾದಷ್ಟೇ ಹಕ್ಕು ಕೊಡಿ ಎಂದು ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು 1975ರಲ್ಲೇ ಬರೆದಿದ್ದರು. ಅವರು ಹೇಳಿದ ಎಂಟು ತತ್ವಗಳಲ್ಲಿ ಅದು ಆರನೆಯದು. ಎಂಟನೆಯದು ಏನು ಗೊತ್ತಾ? ಜನ ಸುಲಭವಾಗಿ, ದಿನಾ ಬಳಸುವ ಹಾಗೆ ಭದ್ರತೆಯನ್ನು ಮಾಡಿ ಅಂತ. ನಮಗೆ ಈ ವ್ಯವಸ್ಥೆ ಮಾರಿದ ವೆಂಡರ್‌ನವರ ಸ್ಲೈಡ್ ಆರಕ್ಕೇ ಮುಗಿಯಿತು. ಆಮೇಲೆ ಊಟಕ್ಕೆ ಎದ್ದೆವು.

ಅಧಿಕಾರ ಹಸ್ತಾಂತರ ಹೇಗೆಂದು ಕಲಿಯಲಿಕ್ಕೆ ಅಷ್ಟು ದುಡ್ಡು ಕೊಟ್ಟು ವೆಂಡರ್‌ನನ್ನು ಕರೆಸುವ ಬದಲು ಎಲ್ಲರನ್ನೂ ಒಂದು ಬಸ್ಸಿಗೆ ಹತ್ತಿಸಿ ಉಡುಪಿಗೆ ಕಳಿಸಬಹುದಿತ್ತು. ಕೃಷ್ಣಮಠದ ಪೂಜೆಯ ಅಧಿಕಾರ ಕೈ ಬದಲಾಗುವ ಪರ್ಯಾಯ ನೋಡಿದ್ದೀರಲ್ಲ? ಎಂಟು ಮಠ, ಎರಡು ವರ್ಷಕ್ಕೊಮ್ಮೆ ಸರದಿ, ಜನವರಿ 18. ಮೊದಲು ಎರಡು ತಿಂಗಳಿಗೊಮ್ಮೆ ಇದ್ದದ್ದನ್ನು ವಾದಿರಾಜರು ಎರಡು ವರ್ಷಕ್ಕೆ ಮಾಡಿದರು, ಪ್ರಾಕ್ಟಿಕಲ್ ಮನುಷ್ಯ. ಪುತ್ತಿಗೆಯ ನಂತರ ಶಿರೂರು, ಶಿರೂರಿನ ನಂತರ ಸೋದೆ, ಯಾರ ನಂತರ ಯಾರು ಎಂದು ರಥಬೀದಿಯ ಹೂ ಮಾರುವವರೂ ಹೇಳುತ್ತಾರೆ. ಬರುವವರ ತಯಾರಿ ಒಂದು ವರ್ಷ ಮೊದಲೇ ಬಾಳೆ ಮುಹೂರ್ತದಿಂದ ಶುರು, ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ನಮ್ಮಲ್ಲಿ ಹೊಸಬರು ಸೋಮವಾರ ಬರುತ್ತಾರೆ ಎಂಬುದು ಮಂಗಳವಾರ ಗೊತ್ತಾಗುತ್ತದೆ. ಅಲ್ಲಿ ಬೆಳಗಿನ ಜಾವ ಜೋಡುಕಟ್ಟೆಯಿಂದ ಮೆರವಣಿಗೆ ಬರುತ್ತದೆ, ಅಕ್ಷಯ ಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ, ಊರಿಗೆ ಊರೇ ನಿದ್ದೆಗೆಟ್ಟು ಸಾಕ್ಷಿ. ಅವಧಿ ಮುಗಿಯಿತು ಎಂದರೆ ಮುಗಿಯಿತು. ಸಿಸ್ಟಮ್ ಓನರ್ ದುಬೈಯಲ್ಲಿದ್ದಾರೆ ಎಂದು ಪೂಜೆ ನಿಂತದ್ದು ನಾನಂತೂ ಕೇಳಿಲ್ಲ.

ಇರಲಿ, ಆಫೀಸಿಗೆ ವಾಪಸ್ ಬರೋಣ. ನಮ್ಮಲ್ಲಿ ಮೂರು ತಿಂಗಳಿಗೊಮ್ಮೆ 'ಆಕ್ಸೆಸ್ ರಿವ್ಯೂ' ಎಂಬ ಉತ್ಸವ ನಡೆಯುತ್ತದೆ. ಯಾರಿಗೆ ಯಾವ ಹಕ್ಕಿದೆ ಎಂಬ ಉದ್ದದ ಎಕ್ಸೆಲ್ ಹಾಳೆ ಮ್ಯಾನೇಜರಿಗೆ ಬರುತ್ತದೆ, ಅವರು ಶುಕ್ರವಾರ ಸಂಜೆ ಮನೆಗೆ ಹೊರಡುವ ಮುಂಚೆ ಎಲ್ಲವನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿ ಅಪ್ರೂವ್ ಒತ್ತುತ್ತಾರೆ, ಆಡಿಟರ್ ಅದಕ್ಕೆ ಹಸಿರು ಟಿಕ್ ಹಾಕುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ದಿನಕ್ಕೆ ಅಷ್ಟೊಂದು ಸಲ ಅಪ್ರೂವ್ ಕೇಳಿದರೆ ಯಾರ ಬೆರಳಾದರೂ ಸುಮ್ನೆ ಒತ್ತಿಬಿಡುತ್ತದೆ. 2022ರಲ್ಲಿ ಊಬರ್‌ನಲ್ಲಿ ಆದದ್ದೂ ಅದೇ ಅಲ್ವಾ? ಕಾಂಟ್ರಾಕ್ಟರ್ ಒಬ್ಬನ ಫೋನಿಗೆ "ಲಾಗಿನ್ ಆಗುತ್ತಿರುವುದು ನೀವೇನಾ" ಎಂಬ ನೋಟಿಫಿಕೇಷನ್ ಬಂದೇ ಬಂತು, ಆತ ಕೊನೆಗೆ ಹೌದು ಎಂದು ಒತ್ತಿದ. ನುಗ್ಗಿದವನು ಹೇಳಿಕೊಂಡ ಪ್ರಕಾರ, ಕಂಪನಿಯ ಪಾಸ್‌ವರ್ಡ್‌ಗಳನ್ನೆಲ್ಲ ಕಾಯುವ ಸಾಫ್ಟ್‌ವೇರ್‌ನ ಅಡ್ಮಿನ್ ಪಾಸ್‌ವರ್ಡ್ ಒಳಗೆ ಒಂದು ಶೇರ್ಡ್ ಫೋಲ್ಡರ್‌ನ ಸ್ಕ್ರಿಪ್ಟ್‌ನಲ್ಲಿ ಬಿದ್ದುಕೊಂಡಿತ್ತು.

ನಗು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ. 2018ರಲ್ಲಿ ಸಿಸ್ಕೊ ಎಂಬ ಟೆಕ್ ಕಂಪನಿ ಬಿಟ್ಟು ಹೋದ ಇಂಜಿನಿಯರ್ ಒಬ್ಬ ಸುಮಾರು ಐದು ತಿಂಗಳ ನಂತರ ಅವರ ಕ್ಲೌಡ್ ಖಾತೆಗೆ ನುಗ್ಗಿ 456 ವರ್ಚುವಲ್ ಮಷಿನ್ (ಸಾಫ್ಟ್‌ವೇರ್‌ನಲ್ಲೇ ಓಡುವ ಕಂಪ್ಯೂಟರ್) ಅಳಿಸಿದ, ಅವರ ಮೀಟಿಂಗ್ ಆ್ಯಪ್ ವೆಬೆಕ್ಸ್ ಟೀಮ್ಸ್‌ನ 16,000ಕ್ಕೂ ಜಾಸ್ತಿ ಖಾತೆಗಳು ಬಂದ್ ಆದವು. 2021ರಲ್ಲಿ ಅಮೆರಿಕದ ಇಂಧನ ಸಾಗಿಸುವ ಕಂಪನಿ ಕಲೋನಿಯಲ್ ಪೈಪ್‌ಲೈನ್‌ಗೆ ಕಳ್ಳರು ಹೊಕ್ಕದ್ದು ಯಾರೂ ಬಳಸದೆ ಬಿಟ್ಟಿದ್ದ ಹಳೆಯ ವಿಪಿಎನ್ (ಹೊರಗಿನಿಂದ ಕಂಪನಿಯ ನೆಟ್‌ವರ್ಕ್‌ಗೆ ಹೊಗುವ ದಾರಿ) ಖಾತೆಯಿಂದ. ಅದಕ್ಕೆ ಪಾಸ್‌ವರ್ಡ್ ಒಂದಿದ್ದರೆ ಸಾಕಿತ್ತು. ಅಮೆರಿಕದಲ್ಲಿ ಪೆಟ್ರೋಲ್ ಬಂಕ್ ಮುಂದೆ ಕ್ಯೂ ನಿಂತಿತು, ಕಂಪನಿ ಕಳ್ಳರಿಗೆ 75 ಬಿಟ್‌ಕಾಯಿನ್ ಸುಲಿಗೆ ಹಣ ಕೊಟ್ಟಿತು. ಎರಡರಲ್ಲೂ ಮೊದಲು ಮಾಡಬೇಕಿದ್ದದ್ದು ಹೋದವರ, ಸತ್ತ ಖಾತೆಗಳ ಬಾಗಿಲು ಹಾಕುವ ಕೆಲಸ. ನಾವು ಮಾಡುತ್ತಿರುವುದು ಕೂತು ಕೆಲಸ ಮಾಡುವವರ ಮುಖದ ಮೇಲೆ ಬಾಗಿಲು ಹಾಕುವ ಕೆಲಸ. ಡೈರೆಕ್ಟರ್ ಮಟ್ಟದವರಿಗೆ ಕಾಯಂ ಅಡ್ಮಿನ್ ಹಕ್ಕು, ಏಕೆಂದರೆ ದೊಡ್ಡವರಿಗೆ ಪದೇ ಪದೇ ತೊಂದರೆ ಕೊಡಬಾರದಲ್ಲ. ಅವರು ಸರ್ವರ್ ಒಳಗೆ ಕಾಲಿಟ್ಟು ಎಷ್ಟು ಕಾಲವಾಯಿತೋ. ರಾತ್ರಿಯೆಲ್ಲ ಕೂತ ಹುಡುಗನಿಗೆ ಹಕ್ಕಿಲ್ಲ, ಆದರೆ ಮರುದಿನದ ಪೋಸ್ಟ್‌ಮಾರ್ಟಂ ವರದಿಯಲ್ಲಿ "ಆನ್‌ಕಾಲ್ ಸ್ಪಂದನೆಯಲ್ಲಿ ವಿಳಂಬ" ಎಂದು ಬರೆಸಿಕೊಳ್ಳುವ ಹಕ್ಕು ಪೂರ್ತಿ ಅವನದ್ದೇ. ಅಪ್ರೂವಲ್‌ಗೆ ಕಾದದ್ದು ಎಷ್ಟು ಹೊತ್ತು ಎಂಬ ಕಾಲಂ ಆ ವರದಿಯಲ್ಲಿ ಇಲ್ಲ. ಸೇರಿಸಿ ಎಂದು ಹೇಳಿ ಹೇಳಿ ಬಾಯಿ ನೋಯುತ್ತಿದೆ.

ಇದರ ಫಲ ಏನು ಗೊತ್ತಾ? ತಂಡದ ಎಲ್ಲರೂ ಬಳಸುವ ಒಂದು ಹಳೆಯ ಖಾತೆ ಇದೆ, ಅದರ ಪಾಸ್‌ವರ್ಡ್ ವಾಟ್ಸಾಪ್ ಗ್ರೂಪಿನಲ್ಲಿ ಪಿನ್ ಆಗಿದೆ. ಕಂಪನಿ ನಡೆಯುತ್ತಿರುವುದು ಅದರ ಮೇಲೆ. ತುರ್ತಿಗೆಂದು 'ಬ್ರೇಕ್ ಗ್ಲಾಸ್' ಖಾತೆಯೂ ಇದೆ, ಅದನ್ನು ತೆರೆಯುವ ಫಾರ್ಮ್‌ಗೆ ಆಫೀಸ್ ಅವಧಿಯಲ್ಲಿ ಸಹಿ ಬೇಕು.

ಮುಂದಿನ ತಿಂಗಳಿಂದ ರಿಕ್ವೆಸ್ಟ್‌ಗಳನ್ನು ಎಐ ಏಜೆಂಟ್ ಒಂದು ಪರಿಶೀಲಿಸುತ್ತದಂತೆ. ಅದು ಕೆಲಸ ಮಾಡಬೇಕಾದರೆ ಎಲ್ಲ ಸರ್ವರ್‌ಗಳ ಅಡ್ಮಿನ್ ಹಕ್ಕು ಬೇಕು ಎಂದು ವೆಂಡರ್ ಬೆಳಿಗ್ಗೆ ಮೇಲ್ ಮಾಡಿದರು. ಮಧ್ಯಾಹ್ನದ ಊಟದೊಳಗೆ ಸಿಕ್ಕಿತು. ಟಿಕೆಟ್ ನಂಬರ್ ಯಾರೂ ಕೇಳಲಿಲ್ಲ.